ಏರ್ ಇಂಟೇಕ್ ಹಾಕಿಸಬೇಕಾ? ದುಡ್ಡು ಕೊಡುವ ಮೊದಲು ಅಳೆದು ನೋಡಿ

ಪುಣೆಯಲ್ಲಿ ಕಾರು ಇಟ್ಟುಕೊಂಡಿರುವ ನಮ್ಮ ಕನ್ನಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಊರಿಗೆ ಹೋಗುವಾಗ ಖಂಬಾಟ್ಕಿ ಘಾಟ್ ಏರಲು ಗಾಡಿ ತುಂಬ ಕಷ್ಟಪಡುತ್ತದೆ. ಕೋನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಬರುತ್ತದಂತೆ, ಮೈಲೇಜೂ ಜಾಸ್ತಿ ಆಗುತ್ತದಂತೆ. ಹಾಕಿಸಲಾ?" ಬೆಳಗಾವಿ, ಹುಬ್ಬಳ್ಳಿ ಕಡೆಯವರು ಕೇಳುತ್ತಾರೆ, ಆ ಘಾಟ್ ಸಿಗದ ಸೊಲ್ಲಾಪುರದ ದಾರಿಯಲ್ಲಿ ವಿಜಯಪುರ, ಕಲಬುರಗಿಗೆ ಹೋಗುವವರೂ ಪಿಕಪ್, ಮೈಲೇಜ್ ಬಗ್ಗೆ ಇದನ್ನೇ ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಯಂತ್ರ) ಇಲ್ಲದ, ಕಂಪನಿಯಿಂದ ಬಂದ ಹಾಗೇ ಇರುವ ಪೆಟ್ರೋಲ್ ಕಾರಾಗಿದ್ದರೆ ಇಂಟೇಕ್‌ಗೆ, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿಗೆ, ಹಾಕುವ ದುಡ್ಡು ವಾಪಸ್ ಬರುವುದಿಲ್ಲ. ಪಿಕಪ್ ರೂಪದಲ್ಲೂ ಬರುವುದಿಲ್ಲ, ಮೈಲೇಜ್ ರೂಪದಲ್ಲೂ ಬರುವುದಿಲ್ಲ. ಟರ್ಬೊ ಕಾರಿಗೆ ರಿಮ್ಯಾಪ್ ಮಾಡಿಸಿದವರ, ಅಂದರೆ ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸಿಕೊಂಡವರ, ವಿಷಯ ಬೇರೆ, ಅದಕ್ಕೆ ಕೆಳಗೆ ಬರುತ್ತೇನೆ. ಆದರೆ ನನ್ನ ಮಾತನ್ನೂ ಸುಮ್ನೆ ನಂಬಬೇಡಿ, ಅಂಗಡಿಯವರ ಮಾತನ್ನೂ ನಂಬಬೇಡಿ. ನಿಮ್ಮ ಗಾಡಿಯಲ್ಲಿ ಗಾಳಿಗೆ ನಿಜವಾಗಿ ಎಷ್ಟು ಅಡ್ಡಿ ಇದೆ ಎಂಬುದನ್ನು ನೀವೇ ಅಳೆಯಬಹುದು. ಈ ಲೇಖನದ ಮುಖ್ಯ ಕೆಲಸ ಅದನ್ನು ಕಲಿಸುವುದು.

ಮೊದಲು ಕೆಲವು ಪದಗಳು

ಹೊರಗಿನ ಗಾಳಿ ಎಂಜಿನ್ ಒಳಗೆ ಹೋಗುವ ಇಡೀ ದಾರಿಗೆ ಇಂಟೇಕ್ ಅನ್ನುತ್ತಾರೆ. ಮುಂದಿನ ಗ್ರಿಲ್ ಹಿಂದೆ ಒಂದು ಪ್ಲಾಸ್ಟಿಕ್ ಮೂತಿ ಇರುತ್ತದೆ. ಅಲ್ಲಿಂದ ಗಾಳಿ ಏರ್‌ಬಾಕ್ಸ್ ಎಂಬ ಕರಿ ಡಬ್ಬಿಗೆ ಬರುತ್ತದೆ. ಡಬ್ಬಿಯೊಳಗೆ ಫಿಲ್ಟರ್. ಫಿಲ್ಟರ್ ದಾಟಿದ ಗಾಳಿ ಪೈಪಿನಲ್ಲಿ ಹೋಗಿ ಥ್ರಾಟಲ್ ಬಾಡಿ ಸೇರುತ್ತದೆ. ನೀವು ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಕವಾಟ ಇದೇ. ಅದರಾಚೆ ಮ್ಯಾನಿಫೋಲ್ಡ್, ಅಂದರೆ ಪ್ರತಿ ಸಿಲಿಂಡರ್‌ಗೆ ಗಾಳಿ ಹಂಚುವ ಕವಲು ಕೊಳವೆ.

ಎಷ್ಟು ಗಾಳಿ ಬಂತು ಎಂದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಎರಡು ರೀತಿಯಲ್ಲಿ ಗೊತ್ತಾಗುತ್ತದೆ. ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುತ್ತದೆ. ಮ್ಯಾಫ್ ಸೆನ್ಸರ್ ಪೈಪಿನಲ್ಲಿ ಹರಿಯುವ ಗಾಳಿಯನ್ನೇ ಅಳೆಯುತ್ತದೆ. ರಿಮ್ಯಾಪ್ ಎಂದರೆ ಇಸಿಯು ಒಳಗಿನ ಲೆಕ್ಕಾಚಾರದ ಕೋಷ್ಟಕ ಬದಲಿಸುವುದು. ಅದಕ್ಕೂ ಮ್ಯಾಪ್ ಸೆನ್ಸರ್‌ಗೂ ಸಂಬಂಧವಿಲ್ಲ.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಹಳೆಯ ಏರ್‌ಬಾಕ್ಸ್ ಒಳಗೇ ಕೂರುವ, ತೊಳೆದು ಮತ್ತೆ ಬಳಸುವ ಪ್ಯಾನಲ್ ಫಿಲ್ಟರ್. ಏರ್‌ಬಾಕ್ಸ್ ಕಿತ್ತುಹಾಕಿ ಬಾನೆಟ್ ಒಳಗೆ ಬಿಚ್ಚು ಕೋನ್ ಫಿಲ್ಟರ್ ಕೂರಿಸುವ ಶಾರ್ಟ್ ರ‍್ಯಾಮ್. ಪೈಪನ್ನು ಬಂಪರ್ ಹಿಂದೆ ಕೆಳಗೆ ಇಳಿಸಿ ತಣ್ಣನೆ ಗಾಳಿ ಎಳೆಯುವ ಕೋಲ್ಡ್ ಏರ್ ಇಂಟೇಕ್. ಪೈಪಿನೊಳಗೆ ತುರುಕುವ, ಗಾಳಿಯನ್ನು ಸುತ್ತಿಸುತ್ತದೆ ಎನ್ನುವ ಚಿಕ್ಕ ತಗಡಿನ ಫ್ಯಾನ್ ಕೂಡ ಮಾರುತ್ತಾರೆ. ಅದು ಗಾಳಿಗೆ ಅಡ್ಡಿ, ಅಷ್ಟೇ. ಕೊಳ್ಳಬೇಡಿ.

ಏನೇನು ಬೇಕು

ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್, ಫೋನ್‌ನಲ್ಲಿ ಅದರ ಆ್ಯಪ್, ಟಾರ್ಚ್, ಸ್ಕ್ರೂಡ್ರೈವರ್, ಒಂದು ಬಿಳಿ ಬಟ್ಟೆ ತುಂಡು, ಕಾರಿನ ಜೊತೆ ಬಂದ ಪುಸ್ತಕ. ಓಬಿಡಿ ಎಂದರೆ ಇಸಿಯು ಜೊತೆ ಮಾತಾಡುವ ಸಾಕೆಟ್. ಡ್ರೈವರ್ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗೆ ಇರುತ್ತದೆ. ಕೋನ್ ಫಿಲ್ಟರ್ ಕಿಟ್‌ನ ಬೆಲೆಗೆ ಹೋಲಿಸಿದರೆ ಸ್ಕ್ಯಾನರ್ ಬಲು ಅಗ್ಗ, ಮುಂದೆ ಎಂಜಿನ್ ಲೈಟ್ ಹತ್ತಿದಾಗಲೂ ಉಪಯೋಗಕ್ಕೆ ಬರುತ್ತದೆ.

ಹಂತ 1: ಗಾಡಿ ಯಾಕೆ ಎಳೆಯುತ್ತಿಲ್ಲ, ಅದನ್ನು ಮೊದಲು ನೋಡಿ

ಪಿಕಪ್ ಇಲ್ಲ ಎನ್ನುವ ಬಹಳಷ್ಟು ಕಾರುಗಳಲ್ಲಿ ಇಂಟೇಕ್‌ನದು ಏನೂ ತಪ್ಪಿರುವುದಿಲ್ಲ. ಟೈರ್‌ನಲ್ಲಿ ಗಾಳಿ ಕಡಿಮೆ, ಕ್ಲಚ್ ಜಾರುತ್ತಿದೆ, ಬ್ರೇಕ್ ಹಿಡಿದುಕೊಂಡಿದೆ, ಸ್ಪಾರ್ಕ್ ಪ್ಲಗ್ ಸವೆದಿದೆ. ಇವೆಲ್ಲ ಸರಿ ಇದ್ದರೆ ಮುಂದಿನ ಮಾತು.

ಸಿಎನ್‌ಜಿ ಹಾಕಿಸಿಕೊಂಡವರಿಗೆ ಒಂದು ಮಾತು. ಪುಣೆಯಲ್ಲಿ ನಿಮ್ಮ ಸಂಖ್ಯೆ ದೊಡ್ಡದು. ಸಿಎನ್‌ಜಿ ಅನಿಲ ರೂಪದಲ್ಲೇ ಒಳಗೆ ಹೋಗುವುದರಿಂದ ಗಾಳಿ ಕೂರಬೇಕಾದ ಜಾಗವನ್ನು ಸ್ವಲ್ಪ ಅದೇ ಆಕ್ರಮಿಸುತ್ತದೆ. ಹಾಗಾಗಿ ಶಕ್ತಿ ಕಡಿಮೆ ಆಗೇ ಆಗುತ್ತದೆ. ಯಾವ ಫಿಲ್ಟರೂ ಇದನ್ನು ಸರಿ ಮಾಡಲ್ಲ. ಘಾಟ್ ಏರುವಾಗ ಪೆಟ್ರೋಲ್‌ಗೆ ಬದಲಿಸಿಕೊಳ್ಳಿ, ಖರ್ಚಿಲ್ಲದ ಉಪಾಯ.

ಹಂತ 2: ಪುಣೆಯ ಎತ್ತರವನ್ನು ಲೆಕ್ಕಕ್ಕೆ ತಗೊಳ್ಳಿ

ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮುಂಬೈಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಸುಮಾರು 6% ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟರ ಮಟ್ಟಿಗೆ ಕಡಿಮೆ ಗಾಳಿ ಎಳೆಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಮುಂಬೈನಲ್ಲಿ 90 ಪಿಎಸ್ ಕೊಡುವ ಎಂಜಿನ್ ಇಲ್ಲಿ 85ರ ಆಸುಪಾಸು ಕೊಡುತ್ತದೆ. ಪಿಎಸ್ ಎಂದರೆ ನಾವು ಅಶ್ವಶಕ್ತಿ ಅನ್ನುವ ಅಳತೆಯೇ. ಗೋವಾದಿಂದ ಅಂಬೋಲಿ ಅಥವಾ ಚೋರ್ಲಾ ಘಾಟ್ ಹತ್ತಿ ಬರುವವರಿಗೆ ಮೇಲೆ ಬಂದಂತೆ ಗಾಡಿ ಭಾರ ಅನಿಸುವುದಕ್ಕೆ ಏರಿನ ಜೊತೆಗೆ ಇದೂ ಒಂದು ಕಾರಣ.

ಈ ನಷ್ಟ ಹವೆಯದು. ಪೈಪ್ ದಪ್ಪ ಮಾಡಿದರೆ ಹೋಗುವಂಥದ್ದಲ್ಲ. ಅದನ್ನು ತುಂಬಿಕೊಡುವುದು ಟರ್ಬೊ ಮಾತ್ರ.

ಹಂತ 3: ಹಳೆ ಏರ್‌ಬಾಕ್ಸ್ ತೆಗೆದು ನೋಡಿ

ಎಂಜಿನ್ ಆಫ್ ಇರಲಿ, ತಣ್ಣಗಾಗಿರಲಿ. ಏರ್‌ಬಾಕ್ಸ್ ಮುಚ್ಚಳದ ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ ಫಿಲ್ಟರ್ ಹೊರಗೆ ತೆಗೆಯಿರಿ. ಹಿಂಜವಡಿ, ವಾಕಡ್ ಕಡೆ ಓಡಾಡುವ ಗಾಡಿಯಾದರೆ ಕಾಗದದ ಮಡಿಕೆಗಳ ಸಂದಿಯಲ್ಲಿ ಬೂದು ಬಣ್ಣದ ನಯವಾದ ಪುಡಿ ಕೂತಿರುತ್ತದೆ. ಕಟ್ಟಡ ಕೆಲಸ, ಮೆಟ್ರೋ ಕೆಲಸ, ಅಗೆದ ರಸ್ತೆ ಎಲ್ಲದರ ಧೂಳು ಅದು. ಟಾರ್ಚ್ ಹಿಡಿದು ಮಡಿಕೆಯ ಹಿಂದಿನಿಂದ ಬೆಳಕು ಬಿಡಿ. ಬೆಳಕು ಅಲ್ಲಲ್ಲಿ ಕೂಡ ಕಾಣದಿದ್ದರೆ ಫಿಲ್ಟರ್ ಬದಲಾಯಿಸುವ ಸಮಯ.

ಈಗ ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೋಡೆ ಒರೆಸಿ. ಅಲ್ಲಿ ಬಟ್ಟೆ ಸ್ವಚ್ಛವಾಗಿ ಬರಬೇಕು. ತೆಳು ಎಣ್ಣೆ ಪಸೆ ಇದ್ದರೆ ಪರವಾಗಿಲ್ಲ. ಬೆರಳ ನಡುವೆ ತಿಕ್ಕಿದಾಗ ಮರಳಿನಂತೆ ಚರಚರ ಅಂದರೆ ಮಾತ್ರ ಗಾಬರಿಪಡುವ ವಿಷಯ. ಫಿಲ್ಟರ್‌ನ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ, ಇಲ್ಲವೇ ಮುಚ್ಚಳ ಎಲ್ಲೋ ಒಡೆದಿದೆ. ರಸ್ತೆ ಧೂಳಿನಲ್ಲಿರುವ ಸಿಲಿಕಾ ಪಿಸ್ಟನ್ ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ತಿನ್ನುತ್ತದೆ. ಹೊಸ ಇಂಟೇಕ್ ಬೇಕಾ ಬೇಡವಾ ಎಂಬ ಯೋಚನೆ ಪಕ್ಕಕ್ಕಿಡಿ, ಮೊದಲು ಇದನ್ನು ಸರಿಪಡಿಸಿ. ಈ ಪರೀಕ್ಷೆ ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಕಂಪ್ರೆಸರ್ ಗಾಳಿ ಹೊಡೆದು ಕಾಗದದ ಫಿಲ್ಟರ್ 'ಕ್ಲೀನ್' ಮಾಡಿಕೊಡುತ್ತಾರೆ. ಜೋರು ಗಾಳಿ ಕಾಗದವನ್ನು ಹಿಗ್ಗಿಸುತ್ತದೆ, ಕಣ್ಣಿಗೆ ಕಾಣದ ತೂತು ಮಾಡುತ್ತದೆ. ಹೆಚ್ಚಿನ ಸಣ್ಣ ಕಾರುಗಳಿಗೆ ಹೊಸ ಕಾಗದದ ಫಿಲ್ಟರ್ 300ರಿಂದ 800 ರೂಪಾಯಿಗೆ ಸಿಗುತ್ತದೆ. ಅಷ್ಟಕ್ಕೆ ಎಂಜಿನ್ ಪಣಕ್ಕಿಡಬೇಡಿ, ಹೊಸದೇ ಹಾಕಿ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಸಾಮಾನ್ಯ ರಸ್ತೆಗೆ. ಧೂಳಿನಲ್ಲಿ ಓಡಿಸುವವರಿಗೆ ಅದೇ ಪುಸ್ತಕದಲ್ಲಿ ಇನ್ನೂ ಬೇಗ ಬದಲಿಸಲು ಹೇಳಿರುತ್ತಾರೆ.

ಹಂತ 4: ಅಡ್ಡಿ ಎಷ್ಟಿದೆ, ಅಳೆಯಿರಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಟರ್ಬೊ ಇಲ್ಲದ, ಮ್ಯಾಪ್ ಸೆನ್ಸರ್ ಇರುವ ಪೆಟ್ರೋಲ್ ಕಾರಿಗೆ ಇದು ಸರಿಹೊಂದುತ್ತದೆ. ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಅಂಥವೇ.

ಹೊಸ ಕಾಗದದ ಫಿಲ್ಟರ್ ಹಾಕಿಯೇ ಅಳೆಯಿರಿ. ಸ್ಕ್ಯಾನರ್ ಸಿಕ್ಕಿಸಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆ್ಯಪ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ ನೋಡಿ. ಎಂಜಿನ್ ನಿಂತಿರುವುದರಿಂದ ಅದು ಹೊರಗಿನ ಹವೆಯ ಒತ್ತಡವನ್ನೇ ತೋರಿಸುತ್ತದೆ. ಪುಣೆಯಲ್ಲಿ 94 ಅಥವಾ 95 ಕಿಲೋಪಾಸ್ಕಲ್ ಬರಬೇಕು. ಮುಂಬೈನಲ್ಲಿ 100ರ ಹತ್ತಿರ. ಈ ಅಂಕಿ ಬರೆದಿಟ್ಟುಕೊಳ್ಳಿ.

ಈಗ ಎಂಜಿನ್ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, 5,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಹತ್ತಿರ ಹೋದಾಗ ಅದೇ ಒತ್ತಡ ಎಷ್ಟಿದೆ ನೋಡಬೇಕು. ಇದನ್ನು ಊರೊಳಗಿನ ರಸ್ತೆಯಲ್ಲಿ ಮಾಡಬೇಡಿ. ಡೈನೋ ಇರುವ ಗ್ಯಾರೇಜ್ ಒಳ್ಳೆಯದು. ಡೈನೋ ಎಂದರೆ ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಶಕ್ತಿ ಅಳೆಯುವ ಯಂತ್ರ. ಅದು ಸಿಗದಿದ್ದರೆ ಖಾಲಿ ಇರುವ ಏರು ರಸ್ತೆಯಲ್ಲಿ, ವೇಗದ ಮಿತಿಯೊಳಗೆ ಕೆಳಗಿನ ಗೇರಿನಲ್ಲಿ, ಎಷ್ಟು ಆರ್‌ಪಿಎಂ ಬರುತ್ತದೋ ಅಷ್ಟಕ್ಕೆ ನೋಡಿ. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಇಲ್ಲವೇ ಆ್ಯಪ್‌ಗೆ ದಾಖಲು ಮಾಡಿಕೊಳ್ಳಲು ಬಿಟ್ಟು ನೀವು ರಸ್ತೆ ನೋಡಿ. ಈಗಿನ ಕಾರುಗಳಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಕವಾಟ ಪೂರ್ತಿ ತೆರೆಯದೆ ಇರಬಹುದು. ಹಾಗಾಗಿ ಥ್ರಾಟಲ್ ಎಷ್ಟು ತೆರೆದಿದೆ ಎಂಬ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೀ ಆನ್ ಮಾಡಿದಾಗ 94 ಇತ್ತು, ಪೂರ್ತಿ ಒತ್ತಿದಾಗ 92 ಬಂತು ಅಂದುಕೊಳ್ಳಿ. ವ್ಯತ್ಯಾಸ 2, ಅಂದರೆ ಸುಮಾರು 2%. ಗ್ರಿಲ್‌ನಿಂದ ಮ್ಯಾನಿಫೋಲ್ಡ್‌ವರೆಗೆ ಇರುವ ಅಷ್ಟೂ ಅಡ್ಡಿ ಅದು. ಅದರಲ್ಲಿ ಥ್ರಾಟಲ್ ಬಾಡಿಯ ಪಾಲೂ ಇದೆ, ಅದನ್ನು ಕಿಟ್ ಬದಲಿಸುವುದಿಲ್ಲ. ಉಳಿದ ಅಡ್ಡಿಯನ್ನು ಕಿಟ್ ಅರ್ಧಕ್ಕೆ ಇಳಿಸಿತು ಎಂದೇ ಒಪ್ಪಿಕೊಂಡರೂ ನಿಮಗೆ ಸಿಗುವುದು 1%ಗೂ ಕಡಿಮೆ. 85 ಪಿಎಸ್‌ನಲ್ಲಿ ಒಂದು ಪಿಎಸ್ ಕೂಡ ಪೂರ್ತಿ ಬರಲ್ಲ. ಅದೂ 5,500 ಆರ್‌ಪಿಎಂನಲ್ಲಿ ಮಾತ್ರ.

ವ್ಯತ್ಯಾಸ 5, 6 ಬಂದರೆ? ಆಗ ನಿಜವಾಗಿಯೂ ಏನೋ ಅಡ್ಡ ಇದೆ. ಏರ್‌ಬಾಕ್ಸ್ ಮೂತಿಯಲ್ಲಿ ಎಲೆ, ಪ್ಲಾಸ್ಟಿಕ್ ಚೀಲ, ಇಲಿ ಗೂಡು ಇದೆಯಾ ನೋಡಿ. ಪೈಪ್ ಎಲ್ಲಾದರೂ ಒಳಕ್ಕೆ ಕುಸಿಯುತ್ತಿದೆಯಾ ನೋಡಿ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ತೊಳೆಸಿ. ಇವಕ್ಕೆಲ್ಲ ಹೊಸ ಇಂಟೇಕ್ ಬೇಕಿಲ್ಲ.

ಇನ್ನು ಮೈಲೇಜ್ ವಿಷಯ. 1.2 ಲೀಟರ್ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್ ಗಾಳಿ ಎಳೆಯುತ್ತದೆ. ಕಾರ್ಖಾನೆಯ ಫಿಲ್ಟರ್ ಆ ಮಟ್ಟಕ್ಕೆ ಲೆಕ್ಕ ಹಾಕಿ ಮಾಡಿದ್ದು. ಯೂನಿವರ್ಸಿಟಿ ಚೌಕದ ಟ್ರಾಫಿಕ್‌ನಲ್ಲಿ 1,500 ಆರ್‌ಪಿಎಂಗೆ ನಿಧಾನ ಸಾಗುವಾಗ ಥ್ರಾಟಲ್ ಕವಾಟ ಬಹುಪಾಲು ಮುಚ್ಚಿಯೇ ಇರುತ್ತದೆ. ಆಗ ಎಂಜಿನ್‌ಗೆ ಹೋಗುವ ಗಾಳಿ ಇದರ ಹತ್ತನೇ ಒಂದು ಪಾಲಿನಷ್ಟು. ನಲ್ಲಿಯನ್ನು ಮುಕ್ಕಾಲು ಮುಚ್ಚಿಟ್ಟು ಹಿಂದಿನ ಪೈಪ್ ಎಷ್ಟು ದಪ್ಪ ಮಾಡಿದರೂ ನೀರು ಜಾಸ್ತಿ ಬರುತ್ತದಾ? ಇಲ್ಲೂ ಅಷ್ಟೇ. ಜೊತೆಗೆ, ಗಾಳಿ ಜಾಸ್ತಿ ಬಂದರೆ ಇಸಿಯು ಅದೇ ಪ್ರಮಾಣದಲ್ಲಿ ಪೆಟ್ರೋಲ್ ಕೂಡ ಜಾಸ್ತಿ ಬಿಡುತ್ತದೆ. 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ತೂಕದ ಲೆಕ್ಕದಲ್ಲಿ. ಉಳಿತಾಯ ಎಲ್ಲಿಂದ ಬರಬೇಕು?

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತು. ಇಸಿಯು ಇರುವ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಕೊಳಕು ಫಿಲ್ಟರ್‌ನಿಂದಲೇ ಮೈಲೇಜ್ ಅಷ್ಟಾಗಿ ಕೆಡದಿದ್ದ ಮೇಲೆ, ಸ್ವಚ್ಛ ಫಿಲ್ಟರ್ ತೆಗೆದು ಇನ್ನೊಂದು ಸ್ವಚ್ಛ ಫಿಲ್ಟರ್ ಹಾಕಿದರೆ ಮೈಲೇಜ್ ಏರುತ್ತದೆ ಎನ್ನುವ ಮಾತಿಗೆ ಆಧಾರವಿಲ್ಲ.

ಹಂತ 5: ಗಾಳಿ ಎಷ್ಟು ಬಿಸಿ, ನೋಡಿ

ಅದೇ ಆ್ಯಪ್‌ನಲ್ಲಿ ಒಳಬರುವ ಗಾಳಿಯ ಉಷ್ಣತೆಯೂ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಡಿ ಓಡುವಾಗ ಒಮ್ಮೆ, ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆ ನೋಡಿ. ನಂತರ ಯಾರದಾದರೂ ಕೋನ್ ಫಿಲ್ಟರ್ ಹಾಕಿದ ಕಾರಿನಲ್ಲಿ ಇದೇ ಅಂಕಿ ನೋಡಲು ಸಿಕ್ಕರೆ ಬಿಡಬೇಡಿ.

ಗಾಳಿ ಸುಮಾರು 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ 1% ಕಡಿಮೆ ಆಗುತ್ತದೆ. ಹೊರಗೆ 34 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಬಿಚ್ಚು ಕೋನ್ ಫಿಲ್ಟರ್ ಎಳೆಯುವುದು ಆ 60 ಡಿಗ್ರಿಯ ಗಾಳಿಯನ್ನು. ಸಾಂದ್ರತೆಯಲ್ಲಿ 8% ನಷ್ಟ. ಹಂತ 4ರಲ್ಲಿ ಗಳಿಸಲು ಹೊರಟಿದ್ದು 1%. ಬಿಸಿ ಗಾಳಿಯಿಂದ ನಾಕಿಂಗ್ ಶುರುವಾದರೆ, ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯತೊಡಗಿದರೆ, ಇಸಿಯು ಇಗ್ನಿಷನ್ ತಡ ಮಾಡಿ ಶಕ್ತಿಯನ್ನು ಇನ್ನಷ್ಟು ಇಳಿಸುತ್ತದೆ. ಹೈವೇಯಲ್ಲಿ ವೇಗ ಹಿಡಿದ ಮೇಲೆ ಬಾನೆಟ್ ಒಳಗಿನ ಬಿಸಿ ಇಳಿಯುತ್ತದೆ, ನಿಜ. ಆದರೆ ನಾವು ದಿನಾ ಓಡಿಸುವುದು ಎಲ್ಲಿ, ಅಲ್ವಾ?

ಕಂಪನಿಯ ಏರ್‌ಬಾಕ್ಸ್ ಮುಚ್ಚಿದ ಡಬ್ಬಿ, ಮೂತಿ ಗ್ರಿಲ್ ಹಿಂದೆ. ತಣ್ಣನೆ ಗಾಳಿ ಎಳೆಯುವ ವ್ಯವಸ್ಥೆ ನಿಮ್ಮ ಕಾರಿನಲ್ಲಿ ಈಗಾಗಲೇ ಇದೆ.

ಹಂತ 6: ಡೈನೋ ಚೀಟಿ ಓದುವುದು ಕಲಿಯಿರಿ

ಅಂಗಡಿಯವರು ಮುಂಚೆ, ನಂತರ ಎಂದು ಎರಡು ಗೆರೆಗಳ ಗ್ರಾಫ್ ತೋರಿಸುತ್ತಾರೆ. ಒಂದು ಪ್ರಶ್ನೆ ತಪ್ಪದೆ ಕೇಳಿ: ಬಾನೆಟ್ ತೆರೆದಿತ್ತಾ, ಮುಚ್ಚಿತ್ತಾ? ಬಾನೆಟ್ ತೆರೆದು ಎದುರಿಗೆ ದೊಡ್ಡ ಫ್ಯಾನ್ ಇಟ್ಟರೆ ಕೋನ್ ಫಿಲ್ಟರ್‌ಗೆ ತಣ್ಣನೆ ಗಾಳಿ ಧಾರಾಳವಾಗಿ ಸಿಗುತ್ತದೆ. ರಸ್ತೆಯಲ್ಲಿ ಯಾರೂ ಬಾನೆಟ್ ತೆರೆದು ಓಡಿಸುವುದಿಲ್ಲ.

ಎರಡನೆಯದು, ಒಂದೇ ಗಾಡಿಯನ್ನು ಏನೂ ಬದಲಿಸದೆ ಸಾಲಾಗಿ ಮೂರು ಸಲ ಡೈನೋ ಮೇಲೆ ಓಡಿಸಿದರೂ ಒಂದೆರಡು ಪಿಎಸ್ ಏರುಪೇರು ಬರುತ್ತದೆ. ಹಾಗಾಗಿ ಒಂದೇ ದಿನ, ಒಂದೇ ಯಂತ್ರ, ಬಾನೆಟ್ ಮುಚ್ಚಿ, ಮುಂಚೆ ಮೂರು ಓಟ, ನಂತರ ಮೂರು ಓಟ. ಇದಕ್ಕೆ ಒಪ್ಪದ ಅಂಗಡಿಯ ಗ್ರಾಫ್‌ಗೆ ಬೆಲೆ ಕೊಡಬೇಡಿ.

"ನನಗೆ ಓಡಿಸುವಾಗಲೇ ಗೊತ್ತಾಗುತ್ತಿದೆ, ಗಾಡಿ ಹಗುರ ಆಗಿದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಏರ್‌ಬಾಕ್ಸ್‌ಗೆ ಅಂಟಿಕೊಂಡ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು ಗಾಳಿ ಎಳೆಯುವ ಸದ್ದನ್ನು ಅಡಗಿಸಲೆಂದೇ ಇರುವಂಥವು. ರೆಸೋನೇಟರ್ ಅನ್ನುತ್ತಾರೆ. ಅವನ್ನು ಕಿತ್ತಾಗ ಎಂಜಿನ್ ಗರ್ಜಿಸುತ್ತದೆ, ಕಿವಿ ಅದನ್ನು ವೇಗ ಎಂದುಕೊಳ್ಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ರೆಸೋನೇಟರ್ ತೆಗೆದ ಮೇಲೆ ಕಡಿಮೆ ಆರ್‌ಪಿಎಂನ ಎಳೆತ ಇನ್ನೂ ಇಳಿಯುತ್ತದೆ. ಸದ್ದೇ ಬೇಕು ಎನ್ನುವುದು ನಿಮ್ಮ ಆಸೆಯಾದರೆ ತಪ್ಪಲ್ಲ. ಆದರೆ ಸದ್ದಿಗೆ ದುಡ್ಡು ಕೊಡುತ್ತಿದ್ದೇನೆ ಎಂದು ತಿಳಿದೇ ಕೊಡಿ.

ಹಂತ 7: ದುಡ್ಡಿನ ಲೆಕ್ಕ

ಹೆಸರಾಂತ ಕಂಪನಿಯ ತೊಳೆಯುವ ಪ್ಯಾನಲ್ ಫಿಲ್ಟರ್, ಉದಾಹರಣೆಗೆ ಕೆ ಆ್ಯಂಡ್ ಎನ್ ಅಥವಾ ಬಿಎಂಸಿ, ಸುಮಾರು 6,000 ರೂಪಾಯಿ ಎಂದು ಇಟ್ಟುಕೊಳ್ಳಿ. ಕಾಗದದ್ದು 500. ಪ್ರತಿ 20,000 ಕಿಲೋಮೀಟರ್‌ಗೆ ಕಾಗದದ ಫಿಲ್ಟರ್ ಬದಲಿಸಿದರೂ 6,000 ರೂಪಾಯಿಗೆ ಹನ್ನೆರಡು ಫಿಲ್ಟರ್ ಬರುತ್ತವೆ, ಅಂದರೆ 2,40,000 ಕಿಲೋಮೀಟರ್. ತೊಳೆಯುವ ದ್ರವ, ಎಣ್ಣೆಯ ಖರ್ಚು ಬೇರೆ. ಅಷ್ಟು ದೂರ ಒಂದೇ ಕಾರು ಇಟ್ಟುಕೊಳ್ಳುವವರು ಕಡಿಮೆ.

ಅದೇ 6,000 ರೂಪಾಯಿಯಲ್ಲಿ ಹೊಸ ಕಾಗದದ ಫಿಲ್ಟರ್, ಹೊಸ ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ವೀಲ್ ಅಲೈನ್‌ಮೆಂಟ್ ಹೆಚ್ಚಿನ ಸಣ್ಣ ಕಾರುಗಳಿಗೆ ಮುಗಿಯುತ್ತದೆ. ಹಳೇ ಗಾಡಿಗೆ ಇದರಿಂದ ಬರುವ ಫರಕು ಘಾಟ್‌ನಲ್ಲಿ ನಿಜವಾಗಿ ಕಾಣುತ್ತದೆ.

ಒಂದು ಎಚ್ಚರಿಕೆ. ಪುಣೆಯ ನಾನಾ ಪೇಠ್, ಮುಂಬೈನ ಕುರ್ಲಾದ ಸಿಎಸ್‌ಟಿ ರೋಡ್, ಎಲ್ಲೇ ಹೋಗಿ, ಹೆಸರಾಂತ ಫಿಲ್ಟರ್ ಕಾಲು ಬೆಲೆಗೆ ಕೊಡುತ್ತೇನೆ ಎಂದರೆ ಅದು ನಕಲಿ ಎಂದೇ ತಿಳಿಯಿರಿ. ನಕಲಿ ಕೋನ್ ಫಿಲ್ಟರ್‌ನಲ್ಲಿ ಹತ್ತಿಯ ಪದರ ಎಷ್ಟು ತೆಳು ಎಂದರೆ ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುತ್ತದೆ. ಗಾಳಿ ಚೆನ್ನಾಗಿ ಹೋಗುತ್ತದೆ, ಧೂಳೂ ಅಷ್ಟೇ ಚೆನ್ನಾಗಿ ಹೋಗುತ್ತದೆ.

ಹಾಗಾದರೆ ಯಾರಿಗೆ ಲಾಭ?

ಟರ್ಬೊ ಕಾರಿಗೆ ರಿಮ್ಯಾಪ್ ಮಾಡಿಸಿದವರಿಗೆ. ಚಾಕಣ್‌ನಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ 1.0 ಟಿಎಸ್‌ಐ ಎಂಜಿನ್ ಉದಾಹರಣೆಗೆ ತಗೊಳ್ಳಿ. ಕಂಪನಿ ಲೆಕ್ಕದಲ್ಲಿ 115 ಪಿಎಸ್ ಶಕ್ತಿ, 178 ನ್ಯೂಟನ್ ಮೀಟರ್ ಎಳೆತ. ಈ ಎಂಜಿನ್‌ನ ಇಸಿಯು ಇಷ್ಟು ಎಳೆತ ಬೇಕು ಎಂದು ಗುರಿ ಇಟ್ಟುಕೊಂಡು ಟರ್ಬೊವನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತದೆ. ಫಿಲ್ಟರ್‌ನಲ್ಲಿ ಸ್ವಲ್ಪ ಅಡ್ಡಿ ಇದ್ದರೆ ಟರ್ಬೊ ಸ್ವಲ್ಪ ಜಾಸ್ತಿ ತಿರುಗಿ ಸರಿದೂಗಿಸುತ್ತದೆ. ಅಡ್ಡಿ ಕಡಿಮೆ ಮಾಡಿದರೆ ಟರ್ಬೊ ಸ್ವಲ್ಪ ನಿಧಾನ ತಿರುಗುತ್ತದೆ. ಎರಡರಲ್ಲೂ ಚಕ್ರಕ್ಕೆ ಬರುವ ಶಕ್ತಿ ಅದೇ. ಅದಕ್ಕೇ ರಿಮ್ಯಾಪ್ ಇಲ್ಲದೆ ಟರ್ಬೊ ಕಾರಿಗೂ ಇಂಟೇಕ್ ಮಾತ್ರ ಹಾಕಿ ಪ್ರಯೋಜನವಿಲ್ಲ.

ರಿಮ್ಯಾಪ್ ಮಾಡಿ ಗುರಿಯನ್ನೇ ಏರಿಸಿದಾಗ ಗಾಳಿಯ ಅಗತ್ಯ ಗಣನೀಯವಾಗಿ ಏರುತ್ತದೆ. ಮೊದಲ ಹಂತದ ರಿಮ್ಯಾಪ್‌ಗೆ ಕಂಪನಿಯ ಏರ್‌ಬಾಕ್ಸ್, ಹೆಚ್ಚೆಂದರೆ ಒಳ್ಳೆಯ ಪ್ಯಾನಲ್ ಫಿಲ್ಟರ್ ಸಾಕು. ಎಕ್ಸಾಸ್ಟ್ ಕೂಡ ಬದಲಿಸಿ ಎರಡನೇ ಹಂತಕ್ಕೆ ಹೋಗುವವರಿಗೆ ಮುಚ್ಚಿದ ಡಬ್ಬಿಯ ಇಂಟೇಕ್ ಅರ್ಥಪೂರ್ಣ. ಅಲ್ಲೂ ಶಕ್ತಿಯ ಬಹುಪಾಲು ಬರುವುದು ರಿಮ್ಯಾಪ್‌ನಿಂದ. ಡೀಸೆಲ್‌ಗೂ ಹೆಚ್ಚುಕಡಿಮೆ ಇದೇ ಮಾತು. ಅಲ್ಲಿ ಶಕ್ತಿ ನಿರ್ಧಾರ ಆಗುವುದು ಎಷ್ಟು ಡೀಸೆಲ್ ಸಿಂಪಡಿಸುತ್ತಾರೆ ಎಂಬುದರ ಮೇಲೆ.

ಬೈಕ್‌ನವರಿಗೆ ಚಿಕ್ಕ ಉತ್ತರ. ಕಾರ್ಬುರೇಟರ್ ಬೈಕಿಗೆ ಬಿಚ್ಚು ಫಿಲ್ಟರ್ ಹಾಕಿದರೆ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸಲೇಬೇಕು, ಇಲ್ಲದಿದ್ದರೆ ಪೆಟ್ರೋಲ್ ಕಡಿಮೆ ಬಿದ್ದು ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ನೀರು ನೇರವಾಗಿ ಫಿಲ್ಟರ್ ಮೇಲೆ ಬೀಳುತ್ತದೆ. ದಿನದ ಓಡಾಟದ ಬೈಕಿಗೆ ಬೇಡ.

ಹಂತ 8: ಕಾನೂನು, ವಾರಂಟಿ, ವಿಮೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದೆ ಬಿಡಿಭಾಗ ಜೋಡಿಸಿ ವಾಹನ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಳೆ ಏರ್‌ಬಾಕ್ಸ್ ಒಳಗೇ ಕೂರುವ ಪ್ಯಾನಲ್ ಫಿಲ್ಟರ್‌ಗೆ ತಕರಾರು ಬರುವ ಸಂಭವ ಕಡಿಮೆ. ಏರ್‌ಬಾಕ್ಸ್ ಕಿತ್ತು, ರಿಮ್ಯಾಪ್ ಮಾಡಿ, ಸದ್ದು ಏರಿಸಿದ ಗಾಡಿಯ ಕಥೆ ಬೇರೆ. ಕೆಎ ನಂಬರಿನ ಗಾಡಿ ಮಹಾರಾಷ್ಟ್ರದಲ್ಲಿ ಓಡಿಸುವವರನ್ನು ಕಾಗದಪತ್ರಕ್ಕಾಗಿ ಹೇಗೂ ನಿಲ್ಲಿಸುತ್ತಾರೆ, ಗೊತ್ತಲ್ಲ.

ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಲಿಖಿತವಾಗಿ ಕೇಳಿ. ಬಾಯಿಮಾತಿನ 'ಏನೂ ಆಗಲ್ಲ ಸರ್' ಎಂಬುದಕ್ಕೆ ಅರ್ಥವಿಲ್ಲ. ವಿಮಾ ಕಂಪನಿಗೂ ತಿಳಿಸಿ.

ಹಂತ 9: ಹಾಕಿಸುವುದೇ ಆದರೆ

ಎಲ್ಲ ಓದಿಯೂ ಬೇಕು ಎಂದರೆ ಈ ತಪ್ಪುಗಳಿಗೆ ಜಾಗ ಕೊಡಬೇಡಿ.

ಮ್ಯಾಫ್ ಸೆನ್ಸರ್ ಇರುವ ಕಾರಿನಲ್ಲಿ, ಸೆನ್ಸರ್ ಕೂರುವ ಜಾಗದ ಪೈಪಿನ ಒಳವ್ಯಾಸ ಹಳೆಯದರಷ್ಟೇ ಇರಬೇಕು. ದಪ್ಪ ಪೈಪಿನಲ್ಲಿ ಗಾಳಿ ನಿಧಾನ ಹರಿಯುತ್ತದೆ, ಸೆನ್ಸರ್ ಗಾಳಿ ಕಡಿಮೆ ಬಂತು ಎಂದುಕೊಳ್ಳುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಹತ್ತಿಯ ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಚ್ಚಿದರೂ ಅದು ಹಾರಿಬಂದು ಇದೇ ಸೆನ್ಸರ್‌ನ ಸೂಕ್ಷ್ಮ ತಂತಿಯ ಮೇಲೆ ಕೂರುತ್ತದೆ.

ಎಂಜಿನ್ ಮುಚ್ಚಳದಿಂದ ಏರ್‌ಬಾಕ್ಸ್‌ಗೆ ಒಂದು ರಬ್ಬರ್ ಪೈಪ್ ಬರುತ್ತದೆ, ಬ್ರೀದರ್ ಅನ್ನುತ್ತಾರೆ. ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಮತ್ತೆ ಸುಡಲು ಕಳಿಸುವ ದಾರಿ ಅದು. ಅಗ್ಗದ ಕಿಟ್ ಹಾಕುವವರು ಅದನ್ನು ಹಾಗೇ ಬಿಟ್ಟುಬಿಡುತ್ತಾರೆ, ಇಲ್ಲವೇ ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸುತ್ತಾರೆ. ಒಪ್ಪಬೇಡಿ. ಹೊಸ ಪೈಪಿನಲ್ಲಿ ಅದಕ್ಕೆ ಸರಿಯಾದ ಜೋಡಣೆ ಇರಲೇಬೇಕು.

ಬಿಚ್ಚು ಕೋನ್‌ಗಿಂತ ಮುಚ್ಚಿದ ಡಬ್ಬಿಯದು ಆರಿಸಿ. ಪ್ರತಿ ಕ್ಲಾಂಪ್ ಬಿಗಿಯಾಗಿದೆಯಾ, ಪೈಪ್ ಯಾವುದಕ್ಕೂ ಉಜ್ಜುತ್ತಿಲ್ಲವಾ ನೋಡಿ.

ಹತ್ತಿಯ ಫಿಲ್ಟರ್ ತೊಳೆಯಲು ಅದರದೇ ದ್ರವ ಬಳಸಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಒಳಗಿನಿಂದ ಹೊರಕ್ಕೆ ನಿಧಾನ ನೀರು ಬಿಡಿ, ನೆರಳಲ್ಲಿ ತಾನಾಗೇ ಒಣಗಲಿ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ ಹಚ್ಚಿ.

ಹಂತ 10: ಹಾಕಿಸಿದ ಮೇಲೆ ತಪಾಸಣೆ

ಮೊದಲ ವಾರವೇ ಸ್ಕ್ಯಾನರ್ ಸಿಕ್ಕಿಸಿ, ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿ. ತನ್ನ ಲೆಕ್ಕಕ್ಕಿಂತ ಪೆಟ್ರೋಲ್ ಎಷ್ಟು ಜಾಸ್ತಿ ಅಥವಾ ಕಡಿಮೆ ಬಿಡಬೇಕಾಗಿ ಬಂತು ಎಂದು ಇಸಿಯು ತೋರಿಸುವ ಅಂಕಿ ಇದು. 5%ರ ಒಳಗಿದ್ದರೆ ನಿಶ್ಚಿಂತೆ. 10% ದಾಟಿದರೆ ಎಲ್ಲೋ ಅಳತೆ ತಪ್ಪಿದೆ ಅಥವಾ ಗಾಳಿ ಸೋರುತ್ತಿದೆ. ಪಿ 0171 ಎಂಬ ಕೋಡ್ ಬಂದರೂ ಅದೇ ಅರ್ಥ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕೋಡ್ ಅಳಿಸಿ ಸುಮ್ಮನಾಗಬೇಡಿ, ಕಾರಣ ಹುಡುಕಿಸಿ.

ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಫಿಲ್ಟರ್ ಹಿಂದಿನ ಪೈಪಿನಲ್ಲಿ ಬಿಳಿ ಬಟ್ಟೆ ಪರೀಕ್ಷೆ ಮತ್ತೆ ಮಾಡಿ. ಬಟ್ಟೆಗೆ ಧೂಳು ಹತ್ತಿದರೆ ಆ ಫಿಲ್ಟರ್ ಅಂದೇ ತೆಗೆದುಬಿಡಿ, ಎಷ್ಟೇ ದುಡ್ಡು ಕೊಟ್ಟಿರಲಿ.

ಕೋಲ್ಡ್ ಏರ್ ಇಂಟೇಕ್ ಹಾಕಿಸಿಕೊಂಡವರಿಗೆ ಮಳೆಗಾಲ ದೊಡ್ಡ ಅಪಾಯ. ಅದರ ಬಾಯಿ ಬಂಪರ್ ಹಿಂದೆ, ಚಕ್ರದ ಪಕ್ಕ, ನೆಲಕ್ಕೆ ಹತ್ತಿರ ಇರುತ್ತದೆ. ಮುಂಬೈನಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅಂಥ ದಿನವೇ ಬೇಕೆಂದಿಲ್ಲ. ಪುಣೆಯಲ್ಲೇ 2024ರ ಜುಲೈನಲ್ಲಿ ಖಡಕವಾಸ್ಲಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸಿಂಹಗಡ್ ರೋಡಿನ ಏಕತಾ ನಗರಿ ಮುಳುಗಿತ್ತು. ಅಂಡರ್‌ಪಾಸ್‌ನಲ್ಲಿ ಮೊಣಕಾಲು ನೀರು ನಿಲ್ಲುವುದು ಪ್ರತಿ ವರ್ಷದ ಮಾತು. ಗಾಳಿಯ ಜೊತೆ ನೀರು ಸಿಲಿಂಡರ್‌ಗೆ ಹೋದರೆ ನೀರನ್ನು ಪಿಸ್ಟನ್ ಒತ್ತಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ಹೈಡ್ರೋಲಾಕ್ ಅನ್ನುತ್ತಾರೆ, ರಿಪೇರಿ ಎಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಸಾಮಾನ್ಯ ವಿಮೆಯಲ್ಲಿ ಈ ಖರ್ಚು ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವಚ ಬೇಕು. ಗಾಡಿ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿ ಪಕ್ಕಕ್ಕೆ ಹಾಕಿ, ಟೋ ಮಾಡಿಸಿ.

ಅದಕ್ಕೇ ಹಳೆ ಏರ್‌ಬಾಕ್ಸ್ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಮೂತಿ, ಪೈಪ್, ರೆಸೋನೇಟರ್, ಕ್ಲಿಪ್, ಸ್ಕ್ರೂ ಎಲ್ಲ ಒಂದು ಡಬ್ಬದಲ್ಲಿ ಹಾಕಿ ಮನೆಯಲ್ಲಿಡಿ. ಮೇ ಕೊನೆಯ ವಾರದಲ್ಲಿ ಹೊಸ ಕಾಗದದ ಫಿಲ್ಟರ್ ಜೊತೆ ಅದನ್ನೇ ವಾಪಸ್ ಹಾಕಿಸಿ, ಮಳೆ ಪೂರ್ತಿ ಬಿಡುವವರೆಗೆ ಅದರಲ್ಲೇ ಓಡಿಸಿ. ಗಾಡಿ ಮಾರುವಾಗಲೂ ಕೊಳ್ಳುವವರು ಮೊದಲು ಕೇಳುವುದು ಆ ಡಬ್ಬವನ್ನೇ.